ಓಟಿನ ದಿನದ ನೀರು

"ಅಲ್ಲೇ ನಿಂತ್ಕೊಳ್ಳೋ ಬೋಳಿಮಗನೆ! ಕೆಸರು ಕಾಲಲ್ಲಿ ಮೆಟ್ಟಿಲು ಹತ್ತಬೇಡ."

ನೀರುಗಂಟಿ ಎತ್ತಿದ ಕಾಲನ್ನು ಹಿಂದಕ್ಕಿಟ್ಟ. ಹೋದ ತಿಂಗಳು ಇದೇ ಜಗಲಿಯಲ್ಲಿ ಮೆಂಬರು ಅವನನ್ನು ಕುರ್ಚಿ ಮೇಲೆ ಕೂರಿಸಿ ಟೀ ಕುಡಿಸಿದ್ದರು. ಕೆಳಗಿನ ಕೇರಿಯ ಯಾವ ಮನೆಯಲ್ಲಿ ಎಷ್ಟು ತಲೆ, ಓಟಿರುವವರು ಎಷ್ಟು, ಯಾರು ಯಾರ ಕಡೆ ಎಂದು ಒಂದೊಂದಾಗಿ ಕೇಳಿದ್ದರು. ಹದಿನಾಲ್ಕು ವರ್ಷ ನೀರು ಬಿಟ್ಟವನಿಗೆ ಒಂದು ಮನೆಯ ಕೊಡ ಗೊತ್ತಿದ್ದರೆ ತಲೆಯೂ ಗೊತ್ತಿದ್ದಂತೆ. ತನ್ನ ಮಾತನ್ನು ಅಷ್ಟು ಹೊತ್ತು ಯಾರೂ ಕೇಳಿದ್ದಿಲ್ಲ. ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿ ಬಂದಿದ್ದ.

ಈಗ ಮೆಂಬರ ಕೈಯಲ್ಲಿ ಒಂದು ಹಾಳೆ.

"ಕೇಳಿಸ್ಕೋ. ಹೋದ ಸಲ ನಮ್ಮ ಮೇಲಿನ ಬೀದೀಲಿ ನೂರಕ್ಕೆ ನಲವತ್ತು ಜನ ಓಟಿಗೆ ಬಂದ್ರು. ಮಿಕ್ಕೋರು ರಜೆ ಅಂತ ಮಲಗಿದ್ರು. ನಿಮ್ಮ ಕೇರೀಲಿ ತೊಂಬತ್ತು! ಬಸುರೀನೂ ಬಂದ್ಲು, ಕುಂಟನೂ ಬಂದ. ಹನ್ನೊಂದು ಓಟಲ್ಲಿ ನನ್ನ ಮಾನ ಉಳೀತು. ಈ ಸಲ ನಿಮ್ಮ ಕೇರಿ ಹೊಲಿಗೆಯೋಳೇ ನನ್ನೆದುರು ನಿಂತಿದ್ದಾಳೆ. ನಮ್ಮೋರು ಏಳಲ್ಲ, ನಿಮ್ಮೋರು ಮಲಗಲ್ಲ. ನಾನೇನು ಮಾಡ್ಲಿ?"

ನೀರುಗಂಟಿ ತಲೆ ಕೆರೆದುಕೊಂಡ.

"ಇವತ್ತಿಂದ ನಾಲ್ಕು ದಿನ ಕೇರಿಗೆ ನೀರು ಬೇಡ. ಪೈಪ್ ಒಡೆದಿದೆ ಅನ್ನು. ಓಟಿನ ದಿನ ಎಂಟಕ್ಕೆ ಬಿಡು. ದಾರದಷ್ಟು ಸಣ್ಣಗೆ. ಸಂಜೆ ಐದರ ತನಕ."

"ಅಣ್ಣಾ, ಅದು…"

"ನೀರು ಬಿಡೋದು ಯಾವ ಕಾನೂನಲ್ಲಿ ತಪ್ಪೋ? ನಿನ್ನ ಕೆಲಸ ಕಾಯಂ ಮಾಡೋ ಕಾಗದ ನನ್ನ ಮೇಜಿನ ಮೇಲಿದೆ. ಸಹಿ ಬೇಕೋ ಬೇಡ್ವೋ?"

ಓಟಿನ ದಿನ ಮೆಂಬರ ಜೀಪೇ ಬಂದು ಎಲ್ಲರಿಗಿಂತ ಮೊದಲು ಅವನನ್ನು ಕರೆದೊಯ್ದು ಓಟು ಹಾಕಿಸಿತು. ಯಾರಿಗೆ ಒತ್ತಿದನೋ ಅವನ ಬೆರಳಿಗೇ ಗೊತ್ತು. ಎಂಟಕ್ಕೆ ವಾಲ್ವಿನ ಗುಂಡಿಗೆ ಕಬ್ಬಿಣದ ಕೋಲು ಇಳಿಸಿ ಕಾಲು ಸುತ್ತು ತಿರುಗಿಸಿದ.

ಕೇರಿಯ ಗಂಡಸರು ಬೆಳಗ್ಗೆಯೇ ಓಟು ಹಾಕಿ ಕೂಲಿಗೆ ಹೋಗಿಯಾಗಿತ್ತು. ಹೆಂಗಸರು ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು ಹೆದ್ದಾರಿಯ ತನಕ ನಡೆದಿದ್ದರು. ಹಿಂದಿನಿಂದ "ನೀರು ಬಂತ್ರೇ" ಎಂಬ ಕೂಗು ಕೇಳಿದ್ದೇ ತಡ, ಅಷ್ಟೂ ಮಂದಿ ತಿರುಗಿ ಓಡಿದರು. ಕೇರಿಗೆಲ್ಲ ಇದ್ದುದು ಒಂದೇ ನಲ್ಲಿ. ಒಂದು ಕೊಡಕ್ಕೆ ಕಾಲು ಗಂಟೆ.

ಹನ್ನೊಂದಕ್ಕೆ ಹೊಲಿಗೆ ಅಕ್ಕ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿ ಬಂದಳು. "ಬನ್ರೇ ಅಕ್ಕಂದಿರಾ, ಓಟು ಹಾಕಿ ಬಂದು ಹಿಡಿಯೋರಂತೆ!"

"ಓಟು ಇನ್ನೊಂದು ಸಲ ಬರುತ್ತೆ, ಈ ನೀರು ಬರುತ್ತಾ?" ಎಂದಳು ಒಬ್ಬ ಮುದುಕಿ. "ನೀನು ಗೆದ್ಮೇಲೆ ಮನೆಗೊಂದು ನಲ್ಲಿ ಹಾಕ್ಸವ್ವಾ. ಈಗ ಸಾಲು ಕೆಡಿಸಬೇಡ."

ಎಲ್ಲರೂ ನಕ್ಕರು. ಹೊಲಿಗೆ ಅಕ್ಕನೂ ನಗಲು ಹೋದಳು, ಆಗಲಿಲ್ಲ.

ನೀರುಗಂಟಿಯ ಅತ್ತಿಗೆಯ ಕೊಡ ಸಾಲಿನ ಬಾಲದಲ್ಲಿತ್ತು. ತಾಯಿ ಸತ್ತಾಗ ಆರು ವರ್ಷದವನಾಗಿದ್ದ ಅವನನ್ನು ಸಾಕಿದವಳು ಅವಳೇ. ಮಧ್ಯಾಹ್ನ ಅವನ ಮುಂದೆ ಒಂದು ಚೊಂಬು ನೀರು ಇಟ್ಟಳು. ಮನೆಯಲ್ಲಿ ಉಳಿದಿದ್ದ ಕೊನೆಯ ನೀರು.

"ಕುಡಿಯೋ ಮರಿ. ನಾಲ್ಕು ದಿನ ಗುಂಡೀಲಿ ಬಿದ್ದು ಪೈಪ್ ಸರಿ ಮಾಡಿದ್ದೀಯ." ಸಾಲಿನತ್ತ ತಿರುಗಿ, "ನೋಡ್ರೇ, ನನ್ನ ಮೈದುನ ಓಟಿನ ದಿನಾನೂ ರಜೆ ಮಾಡ್ಲಿಲ್ಲ!" ಎಂದಳು.

ಅವನು ಒಂದೇ ಗುಟುಕು ಕುಡಿದು ಚೊಂಬು ಕೆಳಗಿಟ್ಟ. ಅವಳು ನೋಡುತ್ತ ನಿಂತಿದ್ದಳು.

ನಾಲ್ಕೂಕಾಲಿಗೆ ತಡೆಯಲಾರದೆ ಎದ್ದು ಹೋಗಿ ವಾಲ್ವು ಮುಚ್ಚಿದ. ನೀರು ನಿಂತರೆ ಇವರು ಹೋದಾರು ಎಂದು ಅವನ ಲೆಕ್ಕ. ಬಂದು ನೋಡಿದರೆ ಒಬ್ಬಳೂ ಅಲುಗಿರಲಿಲ್ಲ. ಹುಟ್ಟಿದಾಗಿನಿಂದ ನಲ್ಲಿ ಕಾದವರು. ನಿಂತ ನೀರು ಮತ್ತೆ ಬರುವಾಗ ಸಾಲಿನಲ್ಲಿ ಇಲ್ಲದವಳು ಕೆಟ್ಟಳು ಎಂಬುದು ಅವರಿಗೆ ಗೊತ್ತಿಲ್ಲವೇ?

"ಹೋಗಿ ಓಟು ಹಾಕ್ರೇ. ಇನ್ನು ಬರಲ್ಲ."

"ಬರಲ್ಲ ಅಂತ ನಿಂಗೆ ಕನಸು ಬಿತ್ತೇನೋ?" ಮುದುಕಿ ಕೇಳಿದಳು.

"ನಾನೇ ಮುಚ್ಚಿದ್ದು."

ಸಾಲು ಅವನತ್ತ ತಿರುಗಿತು.

"ಪೈಪ್ ಒಡೆದಿರಲಿಲ್ಲ ಅತ್ತಿಗೆ. ನಾಲ್ಕು ದಿನಾನೂ ನಾನೇ ಮುಚ್ಚಿದ್ದು. ಇವತ್ತು ಬಿಟ್ಟಿದ್ದು ನಿಮ್ಮನ್ನ ಇಲ್ಲೇ ಕಟ್ಟಿಹಾಕೋಕೆ. ಮೆಂಬರು ಹೇಳಿದ್ರು. ನಿಮ್ಮೆಲ್ಲರ ತಲೆ ಎಣಿಸಿ ಕೊಟ್ಟೋನೂ ನಾನೇ."

ಮುದುಕಿ ಅವನ ಕಾಲ ಬಳಿ ಉಗಿದಳು. "ಥೂ! ಉಂಡ ಮನೆ ಜಂತೆ ಎಣಿಸಿದ ಹಲ್ಕಾ ನನ್ಮಗನೆ!"

ಅತ್ತಿಗೆ ಬೈಯಲಿಲ್ಲ. ಅವನ ಕೈ ಹಿಡಿದೆತ್ತಿ ಬೆರಳಿನ ಶಾಯಿ ನೋಡಿದಳು.

"ನಿಂದು ಆಗಿದೆ."

ಅವನು ಮುಷ್ಟಿ ಬಿಗಿಹಿಡಿದ. ಅವಳು ಅವನ ಹೆಗಲಿನಿಂದ ಕಬ್ಬಿಣದ ಕೋಲನ್ನು ಕಿತ್ತು ತನ್ನ ಹೆಗಲಿಗಿಟ್ಟುಕೊಂಡಳು.

"ಕೊಡ ಸಾಲಲ್ಲೇ ಇರ್ಲಿ. ನಡೀರೇ, ಓಡ್ರೇ! ನೀನು ಇಲ್ಲೇ ಕೂತು ಕಾಯಿ. ಒಂದು ಕೊಡ ಹಿಂದೆಮುಂದೆ ಆಯ್ತೋ, ಈ ಕೋಲಲ್ಲೇ ನಿನ್ನ ಚರ್ಮ ಸುಲೀತೀನಿ."

ಓಟಿನ ಶಾಲೆ ಹೆದ್ದಾರಿಯಾಚೆ, ಮೇಲಿನ ಬೀದಿಯ ತುದಿಯಲ್ಲಿ. ನಡೆದರೆ ಮುಕ್ಕಾಲು ಗಂಟೆಯ ದಾರಿ. ಐದಕ್ಕೆ ಗೇಟು ಹಾಕುತ್ತಾರೆ. ಬಸುರಿಯೊಬ್ಬಳು ಹೊಟ್ಟೆ ಹಿಡಿದುಕೊಂಡು, ಮುದುಕಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿದರು. ತಿರುವಿನಲ್ಲಿ ಕಡೆಗೆ ಕಂಡದ್ದು ಎಲ್ಲರ ತಲೆಗಿಂತ ಮೇಲೆ ಕುಲುಕುತ್ತಿದ್ದ ಆ ಕಬ್ಬಿಣದ ಕೋಲು.

ನೀರುಗಂಟಿ ಕೊಡಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮೆಂಬರು. ಕೇರಿಯಲ್ಲಿ ಎಷ್ಟಾಯಿತೆಂದು ಕೇಳಲಿಕ್ಕೇ ಇರಬೇಕು. ಬಡಿದು ನಿಂತಿತು, ಮತ್ತೆ ಬಡಿಯಿತು. ಅವನು ಅದನ್ನು ತೆಗೆದು ಅತ್ತಿಗೆಯ ಖಾಲಿ ಕೊಡದೊಳಗೆ ಹಾಕಿದ.

ಕೊಡ ಗುಂಯ್‌ಗುಡತೊಡಗಿತು. ಅವನು ತಿರುವನ್ನೇ ನೋಡುತ್ತಿದ್ದ.