ಹರಿಹರದಿಂದ ಬರಬೇಕಾದ ಸೀರೆ

“ಹರಿಹರಕ್ಕೆ ನಾನ್ ಹೋಗ್ತೀನಿ,” ಎನ್ನುತ್ತಲೇ ಅಂಜಿನಪ್ಪ ಚಪ್ಪಲಿ ಮೆಟ್ಟಿಕೊಂಡ.

ಪಡಸಾಲೆಯಲ್ಲಿದ್ದವರೆಲ್ಲ ಅವನತ್ತ ತಿರುಗಿದರು. ಗೋಡೆಗೆ ಒರಗಿಸಿ ಕೂರಿಸಿದ್ದ ಗುರುಶಾಂತಮ್ಮನ ಮುಂದೆ ಭಜನೆಯವರು ತಾಳ ಕೆಳಗಿಟ್ಟು ಸುಧಾರಿಸಿಕೊಳ್ಳುತ್ತಿದ್ದರು. ಬೆಳಗ್ಗೆ ಒಲೆ ಹೊತ್ತಿಸಲು ಬಗ್ಗಿದವಳು ಹಾಗೆಯೇ ಪಕ್ಕಕ್ಕೆ ವಾಲಿದ್ದಳು. ಗಂಡ ಶಿವಯೋಗಪ್ಪ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳಿಗೆ ಐವತ್ತೆಂಟು ವರ್ಷ.

ಮುತ್ತೈದೆಯಾಗಿ ಹೋದವಳಿಗೆ ತವರಿನ ಸೀರೆ ಉಡಿಸಬೇಕು. ತವರು ಹರಿಹರ. ಅಲ್ಲಿ ಈಗ ಉಳಿದಿರುವವಳು ಅತ್ತಿಗೆ ಸರ್ವಮಂಗಳಮ್ಮ ಒಬ್ಬಳೇ. ಮಂಡಿನೋವಿನಿಂದ ಹೊಸ್ತಿಲು ದಾಟಲಾರಳು. ಸಾವಿನ ಸುದ್ದಿಯೂ ಅವಳಿಗಿನ್ನೂ ಮುಟ್ಟಿರಲಿಲ್ಲ. ಶಿವಯೋಗಪ್ಪನ ಅಣ್ಣ ಉಜ್ಜನಪ್ಪ ಕುಣಿ ತೋಡಿಸಲು ಒಬ್ಬನನ್ನು, ಹೆಣ ಕೂರಿಸಿ ಹೊರುವ ವಿಮಾನ ಕಟ್ಟಿಸಲು ಇನ್ನೊಬ್ಬನನ್ನು, ಹಳ್ಳಿಗಳ ನೆಂಟರಿಗೆ ಹೇಳಿಬರಲು ಇಬ್ಬರನ್ನು ಓಡಿಸಿ, ಇನ್ನು ಯಾರಿದ್ದಾರೆಂದು ಸುತ್ತ ನೋಡುತ್ತಿದ್ದ. ಆಗ ಎದ್ದವನು ಅಂಜಿನಪ್ಪ.

“ನೀನು ಕೂತ್ಕಳಪ್ಪ,” ಎಂದ ಉಜ್ಜನಪ್ಪ, ತೊಟ್ಟಿಲ ಮಗುವಿಗೆ ಹೇಳುವ ದನಿಯಲ್ಲಿ. “ಅದೆಲ್ಲ ನಿನ್ ಕೈಲಿ ಆಗಲ್ಲ.”

ಅಂಜಿನಪ್ಪನಿಗೆ ಇಪ್ಪತ್ನಾಲ್ಕು ವರ್ಷ. ಹುಟ್ಟಿದಾಗಿನಿಂದ ಬುದ್ಧಿ ನಿಧಾನ. ಹತ್ತು ದಾಟಿದರೆ ಎಣಿಕೆ ತಪ್ಪುತ್ತಿತ್ತು. ಮೂರು ವರ್ಷದಿಂದ ಮಂಡಕ್ಕಿ ಭಟ್ಟಿಯಲ್ಲಿ ಚೀಲ ಹೊರುತ್ತಿದ್ದ.

“ಅವನು ಹೋಗ್ತಾನ್ರಿ, ಕಳಿಸ್ರಿ,” ಎಂದು ಹೊರಗಿನ ಕಟ್ಟೆಯಿಂದ ಸಿದ್ದೀಕಾ ಹೇಳಿದಳು. ಪೋಲಿಯೋದಿಂದ ಎರಡೂ ಕಾಲು ಸೊರಗಿದ್ದ ಅವಳು ಊರುಗೋಲುಗಳನ್ನು ಪಕ್ಕಕ್ಕಿಟ್ಟು ಕೂತಿದ್ದಳು. ಅವಳ ಬದಿಯಲ್ಲಿ ಕುರ್ಚಿಗೆ ಬೆತ್ತ ಹೆಣೆಯುವ ಕುರುಡ ಗುಡ್ಡಪ್ಪ. ಮೂವರನ್ನೂ ದಾವಣಗೆರೆಯ ಪಿ.ಜೆ. ಬಡಾವಣೆಯ ಆ ಬೀದಿಯವರು ‘ಶನಿವಾರದ ಮಂದಿ’ ಎನ್ನುತ್ತಿದ್ದರು.

“ಹಿಂದೊಮ್ಮೆ ಇದೇ ಹರಿಹರದಾಗ ಕಳೆದಿದ್ನಲ್ಲಮ್ಮ, ಮರೆತ್ರಾ?” ಉಜ್ಜನಪ್ಪ ಕೇಳಿದ. “ಇವತ್ತು ಹೆಣ ಮನೇಲಿಟ್ಟು ಇವನ್ನ ಹುಡುಕಾಕೆ ಹೋಗಾಣೇನು?”

ಶಿವಯೋಗಪ್ಪ ಹೆಂಡತಿಯ ಮುಖದಿಂದ ಕಣ್ಣು ತೆಗೆದು ಅಂಜಿನಪ್ಪನ ಕಡೆ ನೋಡಿದ.

“ಏನ್ ಬೇಕು ನಿನಗೆ, ಹೋಗಾಕೆ?”

“ಚೀಟಿ. ಮನಿ ಗುರ್ತು ಬರೀರಿ. ಸೀರಿ ಯಾಕ ಅಂತ ಬರೀರಿ.”

ಅರಳೆ ಅಂಗಡಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದ ಶಿವಯೋಗಪ್ಪ ಆ ನಾಲ್ಕು ಸಾಲನ್ನು ಎರಡು ಸಲ ಹೊಡೆದುಹಾಕಿ ಬರೆದ. ಅಂಜಿನಪ್ಪ ಚೀಟಿಯನ್ನು ಮಡಚಿ ಅಂಗಿಯ ಜೇಬಿಗಿಟ್ಟು, ಜೇಬಿನ ಗುಂಡಿ ಹಾಕಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ಆಗ ಹತ್ತೂವರೆ.

* * *

ಗುರುಶಾಂತಮ್ಮನಿಗೆ ಒಬ್ಬ ತಮ್ಮನಿದ್ದ, ಕೊಟ್ಟೂರಪ್ಪ. ನಾಲ್ಕನೆಯ ವಯಸ್ಸಿನಲ್ಲಿ ಸಿಡುಬಿನಿಂದ ಅವನ ಕಣ್ಣು ಹೋದವು. ಮನೆಯವರು ಅವನನ್ನು ಬಹಳ ಪ್ರೀತಿಯಿಂದ ನೋಡಿಕೊಂಡರು. ಎಡವುತ್ತಾನೆಂದು ಅಂಗಳಕ್ಕೆ ಬಿಡಲಿಲ್ಲ, ಸುಟ್ಟುಕೊಳ್ಳುತ್ತಾನೆಂದು ಅಡುಗೆಮನೆಗೆ ಬಿಡಲಿಲ್ಲ. ಮದುವೆಯಾಗಿ ದಾವಣಗೆರೆಗೆ ಬರುವವರೆಗೂ ಅಕ್ಕನೇ ಕಲಸಿ ತುತ್ತು ಇಡುತ್ತಿದ್ದಳು. ಆಮೇಲೆ ತಾಯಿ, ತಾಯಿಯ ನಂತರ ಅತ್ತಿಗೆ. ನಡುಮನೆಯ ಕಿಟಕಿಯ ಬಳಿ ಕೂತೇ ಅವನಿಗೆ ಮೂವತ್ತೊಂದು ವರ್ಷವಾಯಿತು. ಆ ವರ್ಷ ಜ್ವರ ಬಂದು ತೀರಿಕೊಂಡ.

ಮೂರನೆಯ ದಿನ ಸಮಾಧಿಗೆ ಎಡೆ ಒಯ್ಯಬೇಕಿತ್ತು. ಒಲೆಯ ಮುಂದೆ ಕೂತಿದ್ದ ಸರ್ವಮಂಗಳಮ್ಮ ಕೇಳಿದಳು: “ಅವನಿಗೆ ಯಾವುದು ಇಷ್ಟ ಇತ್ತು? ಹೇಳು, ಅದನ್ನೇ ಮಾಡ್ತೀನಿ.”

ಗುರುಶಾಂತಮ್ಮ ನೆನಪಿಸಿಕೊಳ್ಳಲು ನೋಡಿದಳು. ಹೋಳಿಗೆಯೇ? ಇಟ್ಟಾಗ ತಿನ್ನುತ್ತಿದ್ದ. ಕಡುಬೇ? ಅದನ್ನೂ ತಿನ್ನುತ್ತಿದ್ದ. ಇದು ಬೇಕೋ ಅದು ಬೇಕೋ ಎಂದು ಅವನನ್ನು ಯಾರೂ ಒಂದು ದಿನವೂ ಕೇಳಿರಲಿಲ್ಲ. ಅತ್ತಿಗೆ ನಾದಿನಿ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದಂತೆ ಒಲೆಯ ಉರಿ ಕುಗ್ಗಿತು.

ಮರುವರ್ಷ ಗುರುಶಾಂತಮ್ಮ ತನ್ನ ಮನೆಯ ಅಂಗಳದಲ್ಲಿ ಶನಿವಾರ ಮಧ್ಯಾಹ್ನದ ಕೂಟ ಶುರುಮಾಡಿದಳು. ಓದಿದ್ದು ನಾಲ್ಕನೆಯ ಇಯತ್ತೆ. ಇದಕ್ಕೊಂದು ಹೆಸರಿಡಬೇಕೆಂದೂ ಅವಳಿಗೆ ಹೊಳೆಯಲಿಲ್ಲ. ಯಾರ ಮನೆಯಲ್ಲಿ ಕುಂಟ, ಕುರುಡ, ಪೆದ್ದ ಅನ್ನಿಸಿಕೊಂಡು ಮೂಲೆ ಹಿಡಿದ ಹುಡುಗನೋ ಹುಡುಗಿಯೋ ಇದ್ದಾರೆಂದು ಕೇಳಿ ತಿಳಿದು, ಆ ಮನೆಗಳಿಗೆ ಹೋದಳು. ಹದಿನೈದು ಹದಿನಾರು ದಾಟಿದವರೇ ಬೇಕು ಎನ್ನುತ್ತಿದ್ದಳು. “ಸಣ್ಣೋರಿಗೆ ತಾಯಿ ಇರ್ತಾಳೆ. ದೊಡ್ಡೋರಾದ ಮ್ಯಾಲೆ ಯಾರು?”

ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಕಳಿಸಿದರು. ಒಂದು ಶನಿವಾರ ಒಲೆ ಹೊತ್ತಿಸುವುದು, ಇನ್ನೊಂದು ಶನಿವಾರ ಅಂಚೆ ಕಾರ್ಡು ಬರೆಸಿ ಡಬ್ಬಿಗೆ ಹಾಕುವುದು, ಮತ್ತೊಂದು ಶನಿವಾರ ಎಲ್ಲರೂ ಕೂಡಿ ಸಂತೆಗೆ ಹೋಗಿ ತಮತಮಗೆ ಬೇಕಾದ ಒಂದೊಂದು ಕಾಯಿಪಲ್ಯ ಕೇಳಿ ತರುವುದು. ತಂದದ್ದನ್ನೆಲ್ಲ ಒಂದೇ ಪಾತ್ರೆಗೆ ಹಾಕಿ ಬೇಯಿಸಿದಾಗ ಶಿವಯೋಗಪ್ಪನಿಗೆ ಬಾಯಿಗಿಡಲಾಗಲಿಲ್ಲ. ಹಾಗಲಕಾಯಿ, ಸಿಹಿಗುಂಬಳ ಎರಡೂ ಅದರಲ್ಲಿದ್ದವು.

ನಾಲ್ಕು ವರ್ಷದ ಮೇಲೆ ಅವರನ್ನು ರೈಲಿನಲ್ಲಿ ಹರಿಹರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಇಳಿದ ಮೇಲೆ, “ಊರು ನೋಡ್ಕಂಡು ಬರ್ರಿ. ನಾಲ್ಕು ಗಂಟೆಗೆ ಇಲ್ಲೇ ಸೇರೋಣ,” ಎಂದು ತಾನು ಸ್ಟೇಷನ್ನಿನ ಬೆಂಚಿನಲ್ಲಿ ಕೂತಳು. ನಾಲ್ಕಕ್ಕೆ ಎಲ್ಲರೂ ಬಂದರು, ಅಂಜಿನಪ್ಪ ಬರಲಿಲ್ಲ. ಐದೂ ದಾಟಿತು. ಉಳಿದವರನ್ನು ರೈಲು ಹತ್ತಿಸಿ ಅವಳು ಅಲ್ಲಿಯೇ ಉಳಿದಳು. ಹೊತ್ತು ಮುಳುಗುವಾಗ ಅವನು ಹಸಿ ಕಾಲಲ್ಲಿ ಬಂದ. ತುಂಗಭದ್ರೆಯ ದಡದಲ್ಲಿ ಹರಿಗೋಲು ಸುತ್ತುವುದನ್ನು ನೋಡುತ್ತ ಕೂತಿದ್ದನಂತೆ. ಆಮೇಲೆ ಒಬ್ಬ ಮುದುಕನ ಹತ್ತಿರ ದಾರಿ ಕೇಳಿದನಂತೆ.

ಮನೆಗೆ ಬಿಡಲು ಹೋದಾಗ ನಿಟ್ಟುವಳ್ಳಿಯಲ್ಲಿ ಅವನ ತಾಯಿ ಗಿರಿಯಮ್ಮ ಬೀದಿಗೆ ಬಂದು ಬಾಯಿ ಬಡಿದುಕೊಂಡಳು. “ನಿನ್ ಮಗ ಆಗಿದ್ರೆ ಬಿಡ್ತಿದ್ಯೇನೇ?” ಎಂದು ಕೇಳಿದಳು. ಮಕ್ಕಳಿಲ್ಲದ ಗುರುಶಾಂತಮ್ಮ ತಲೆತಗ್ಗಿಸಿ ನಿಂತಿದ್ದಳು. ಮರುದಿನ ಬೆಳಗ್ಗೆ ಗಂಡನಿಗೆ ಮಾತ್ರ ಹೇಳಿದಳು: “ಹುಡುಕಾಕೆ ಎರಡು ಸಲ ಎದ್ದೆ. ಎರಡು ಸಲಾನೂ ಕೂತೆ. ಹೆದರಿಕೆಗೆ ನಲ್ಲಿ ಹತ್ರ ಹೋಗಿ ವಾಂತಿ ಮಾಡ್ಕಂಡೆ. ಹುಡುಕಿ ತಂದಿದ್ರೆ ಅವನು ಕಳೆದ್ ಹೋಗಿದ್ದ ಅಂತ ಆಗ್ತಿತ್ತು. ಈಗ ತಡ ಆಗಿ ಬಂದ, ಅಷ್ಟೇ.”

ಆರು ತಿಂಗಳು ಅಂಜಿನಪ್ಪ ಕೂಟಕ್ಕೆ ಬರಲಿಲ್ಲ. ಒಂದು ಶನಿವಾರ ಗಿರಿಯಮ್ಮನೇ ಅವನ ಕೈಹಿಡಿದು ಬಾಗಿಲಲ್ಲಿ ನಿಂತಳು. “ಸೇರಿಸ್ಕಳಮ್ಮ,” ಎಂದಳು. “ಮನಿಯಾಗೇ ಇದ್ದು ಕಳದ್ ಹೋಗ್ತಾ ಅದಾನೆ.”

* * *

ಮಧ್ಯಾಹ್ನ ಮೂರಾದರೂ ಅಂಜಿನಪ್ಪನ ಸುಳಿವಿರಲಿಲ್ಲ. ಕುಣಿ ಸಿದ್ಧವಾಗಿತ್ತು. ವಿಮಾನಕ್ಕೆ ಬಾಳೆಕಂದು, ಚೆಂಡುಹೂ ಕಟ್ಟಿ ಮುಗಿದಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು ಎಂದು ವಿಧಿ ಮಾಡಿಸಲು ಬಂದಿದ್ದ ಅಯ್ಯನವರು ಎರಡು ಸಲ ಹೇಳಿದರು.

ಉಜ್ಜನಪ್ಪ ಬಾಗಿಲಿಗೂ ಬೀದಿಗೂ ಅಲೆದು ಬಂದು ಕಟ್ಟೆಯ ಮೇಲೆ ಕೂತ. ಕೂತ ಮೇಲೆ ಪಕ್ಕದಲ್ಲಿರುವವಳು ಸಿದ್ದೀಕಾ ಎಂದು ತಿಳಿಯಿತು. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದ:

“ಹೊಲಿಗೆ ಕೆಲ್ಸ ನಮ್ಮ ಗುರುಶಾಂತಮ್ಮನೇ ಕಲಿಸಿದ್ದೇನಮ್ಮ?”

“ಇಲ್ರಿ. ಅದು ನಮ್ಮ ಅತ್ತೆ ಶಹರ್ಬಾನು ಕಲಿಸಿದ್ದು, ಕೈಮಿಷನ್ ಮ್ಯಾಲೆ. ಅಂಗಡಿ ಮುಂದೆ ನಿಂತು ‘ಕೆಲ್ಸ ಐತಾ’ ಅಂತ ಕೇಳೋದು ಇವ್ರು ಕಲಿಸಿದ್ದು. ಎಂಟು ಅಂಗಡಿಯೋರು ಇಲ್ಲ ಅಂದ್ರು. ನಾನು ಅತ್ಬಿಟ್ಟೆ. ಇವ್ರು ಬೀದಿ ಆ ಕಡೆ ನಿಂತು ನೋಡ್ತಿದ್ರು, ಈ ಕಡೆ ಬರ್ಲೇ ಇಲ್ಲ. ಭಾಳ ಸಿಟ್ಟು ಬಂದಿತ್ತು ನನಗೆ.”

“ಆಮ್ಯಾಲೆ?”

“ಒಂಬತ್ತನೇ ಅಂಗಡಿಯೋರು ಕೂಡು ಅಂದ್ರು. ಇನ್ನೂ ಅಲ್ಲೇ ಅದೀನಿ.”

ನಾಲ್ಕು ಹೊಡೆದಾಗ ಉಜ್ಜನಪ್ಪನಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ತಮ್ಮನ ಮುಂದೆ ನಿಂತ.

“ಶಿವಯೋಗಿ, ಬಜಾರಿನಾಗೆ ಒಂದು ಸೀರಿ ತರಿಸ್ತೀನಿ. ತವರಿಂದು ಅಂತಾನೇ ಉಡಿಸಿದ್ರಾತು. ಆ ಹುಡುಗನ್ನ ಹುಡುಕಾಕೆ ಸೈಕಲ್ ಮ್ಯಾಲೆ ಒಬ್ಬನ್ನ ಕಳಿಸ್ತೀನಿ.”

“ಬ್ಯಾಡ ಅಣ್ಣ.”

“ಅವನಿಗೇನಾದ್ರೂ ಆಗಿದ್ರೆ?”

ಶಿವಯೋಗಪ್ಪನಿಗೂ ಅದೇ ಭಯ. ಸ್ಟೇಷನ್ನಿನ ಬೆಂಚಿನಲ್ಲಿ ಅವಳು ಹೇಗೆ ಕೂತಿದ್ದಳೋ ಎಂದು ಐದು ವರ್ಷದಲ್ಲಿ ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಎದ್ದು ಬೀದಿಗೆ ಓಡಬೇಕೆನಿಸಿತು. ಎರಡೂ ಕೈ ಮಂಡಿಯ ಮೇಲೆ ಊರಿ ಕೂತ.

“ಇನ್ನೊಂದು ತಾಸು ನೋಡಾಣ,” ಎಂದ.

ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿದ್ದಾಗ ಕಟ್ಟೆಯ ಮೇಲಿನ ಗುಡ್ಡಪ್ಪ ತಲೆಯೆತ್ತಿದ. “ಬಂದ,” ಎಂದ. “ಚಪ್ಪಲಿ ಎಳ್ಕಂಡು ಬರ್ತಾ ಅದಾನೆ.”

ಅಂಜಿನಪ್ಪ ಕಾಗದದ ಪೊಟ್ಟಣವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಒಳಗೆ ಬಂದ.

“ಎಲ್ಲಿಗೆ ಹೋಗಿದ್ಯೋ ಇಷ್ಟು ಹೊತ್ತು?” ಉಜ್ಜನಪ್ಪ ಗದರಿದ.

“ಹಸಿವಾಗಿತ್ತು. ಹೋಟ್ಲಿಗೆ ಹೋದೆ. ಅಷ್ಟ್ರಾಗ ಬಸ್ ಹೋತು. ಇನ್ನೊಂದು ಭಾಳ ತಡ ಬಂತು.”

ಶಿವಯೋಗಪ್ಪ ನಿಧಾನವಾಗಿ ಕೇಳಿದ:

“ಏನ್ ತಿಂದೆಪ್ಪ?”

“ಜಿಲೇಬಿ. ದ್ವಾಸೆ ಐತೆ ಅಂದ್ರು. ಬ್ಯಾಡ, ಜಿಲೇಬಿ ಕೊಡ್ರಿ ಅಂದೆ.”

ಹೆಂಗಸರ ಗುಂಪಿನಲ್ಲಿ ಯಾರೋ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶಿವಯೋಗಪ್ಪನ ಮುಖದಲ್ಲೂ ನಗುವಿನಂಥದೇನೋ ಮೂಡಿ, ಹಾಗೆಯೇ ಒಡೆದು, ಅವನು ಅಂಗವಸ್ತ್ರದಲ್ಲಿ ಮುಖ ಹುದುಗಿಸಿ ಬಿಕ್ಕಿದ. ಆ ದಿನ ಅವನು ಅತ್ತದ್ದು ಅದೇ ಮೊದಲು.

ಪೊಟ್ಟಣ ಬಿಚ್ಚಿದರೆ ಉರಿಯುವಂಥ ಕೇಸರಿ ಬಣ್ಣದ ಇಳಕಲ್ ಸೀರೆ. ಹಿರಿಯ ಹೆಂಗಸೊಬ್ಬಳು ಹುಬ್ಬು ಗಂಟಿಕ್ಕಿದಳು.

“ಅಯ್ಯೋ, ಮುತ್ತೈದೆಗೆ ಉಡಿಸೋ ಹಸಿರು ಇರ್ಲಿಲ್ಲೇನೋ ಅವ್ರ ಮನ್ಯಾಗ?”

“ಇತ್ತು. ಆ ಅಮ್ಮ ಅತ್ಕಂತ ಎರಡೂ ತಂದಿಟ್ರು. ಯಾವುದು ಒಯ್ತಿ ಅಂದ್ರು. ಹಸಿರು ಮಂಕಾಗಿತ್ತು.”

“ಅದನ್ನೇ ಉಡಿಸ್ರಿ,” ಎಂದ ಶಿವಯೋಗಪ್ಪ.

ಮೈ ತೊಳೆದು, ವಿಭೂತಿ ಹಚ್ಚಿ, ಆ ಸೀರೆಯನ್ನೇ ಉಡಿಸಿ ವಿಮಾನದಲ್ಲಿ ಕೂರಿಸಿದರು. ಬೀದಿಗೆ ಬಂದಾಗ ಬಿಸಿಲು ಇಳಿದಿತ್ತು. ಮಿಲ್ಲಿನ ಪಾಳಿ ಬಿಟ್ಟು ಬರುತ್ತಿದ್ದವರು ಸೈಕಲ್ಲಿನಿಂದಿಳಿದು ದಾರಿ ಬಿಟ್ಟರು. ಜನರ ತಲೆಗಳ ಮೇಲೆ ಆ ಕೇಸರಿ ಬಣ್ಣ ನೆಟ್ಟಗೆ ಕೂತು ಸಾಗಿತು.

ಬೀದಿಯ ಕೊನೆಯಲ್ಲಿ, ವಿಮಾನಕ್ಕೆ ಹೆಗಲು ಕೊಟ್ಟಿದ್ದ ಉಜ್ಜನಪ್ಪನಿಗೆ ಏದುಸಿರು ಬಂತು. ಹೆಗಲು ಬದಲಾಯಿಸಲು ಅವನು ಹಿಂತಿರುಗಿದಾಗ ಮೊದಲು ಕಂಡವನು ಅಂಜಿನಪ್ಪ. ಉಜ್ಜನಪ್ಪ ಕೇಳಿದ: “ಹೊರ್ತೀಯೇನಪ್ಪ?”

“ಹ್ಞೂಂ.”

ಅಂಜಿನಪ್ಪ ಬಿದಿರಿನ ಕೆಳಗೆ ಹೆಗಲು ಕೊಟ್ಟು ನೆಟ್ಟಗೆ ನಿಂತ. ಚೀಲ ಹೊತ್ತು ಪಳಗಿದ ಎತ್ತರದ ಆಳು. ಅವನ ಕಡೆ ವಿಮಾನ ಒಮ್ಮೆಲೇ ಮೇಲಕ್ಕೆದ್ದಿತು. ಉಳಿದ ಮೂವರು ಬೆನ್ನು ಸೆಟೆಸಿ, ಹೆಗಲು ಎತ್ತರಿಸಿ ಅವನ ಸಮಕ್ಕೆ ಬಂದರು. ಆಮೇಲೆ ನಾಲ್ವರೂ ಹೆಜ್ಜೆ ಹಾಕಿದರು.