ಟಿವಿಗೆ ಬೆನ್ನು ಹಾಕಿದ ದುರುಗಣ್ಣ

ರಾಂಪುರದ ಬಸ್‌ಸ್ಟ್ಯಾಂಡಿನೆದುರು ವಿಶ್ವನಾಥನ ಹೋಟೆಲಿಗೆ ಬಣ್ಣದ ಟಿವಿ ಬಂದ ಮೇಲೂ ಅದಕ್ಕೆ ಬೆನ್ನು ಹಾಕಿ, ಗೋಡೆ ನೋಡುತ್ತ ಚಹಾ ಕುಡಿಯುತ್ತಿದ್ದ ಗಿರಾಕಿಯೆಂದರೆ ದುರುಗಣ್ಣ ಒಬ್ಬನೇ. ಐವತ್ತು ದಾಟಿದ, ಒಣಕಲು ಮೈಯ ಕೂಲಿಯಾಳು. ಟವಲು ಅವನ ಹೆಗಲೇರಿದ್ದನ್ನು ನಾನು ಕಂಡಿಲ್ಲ. ಸದಾ ಸೊಂಟಕ್ಕೇ ಬಿಗಿದಿರುತ್ತಿತ್ತು. ರಸ್ತೆಯ ಅಂಚು ಹಿಡಿದು, ಯಾರದೋ ನಿದ್ದೆ ಕೆಟ್ಟೀತೆಂಬ ಅಳುಕಿನಲ್ಲಿ ಹೆಜ್ಜೆ ಊರುತ್ತಿದ್ದ. ಬಳ್ಳಾರಿ ಬಸ್ಸು ಹಾರನ್ ಹೊಡೆದರೂ "ಬಂದೆ ಧಣಿ" ಎಂದು ಎದ್ದುಬಿಡುತ್ತಿದ್ದ; ಹೋಟೆಲಿಗೆ ಹೋಟೆಲೇ ನಗುತ್ತಿತ್ತು. ಬಾಲ್ಯ, ಯೌವನಗಳನ್ನು ದೊಡ್ಡಮನೆಯೊಂದರ ಜೀತದಲ್ಲಿ ಸವೆಸಿದವನು. ಕಾನೂನು ಬಂದು ಬಿಡುಗಡೆಯಾಗಿ ಕಾಲು ಶತಮಾನ ಕಳೆದರೂ ಧಣಿಯ ಕರೆ ಅವನ ಕಿವಿಯನ್ನು ಬಿಟ್ಟಿರಲಿಲ್ಲ.

ಮೊದಲು ಅವನೂ ಎಲ್ಲರಂತೆ ಟಿವಿ ನೋಡುತ್ತಿದ್ದವನೇ. ಎರಡು ಸಾವಿರದೊಂದರ ಸುಮಾರಿನ ಒಂದು ಸಂಜೆ, ಯೂರೋಪಿನ ಫುಟ್‌ಬಾಲ್ ಕ್ಲಬ್ಬೊಂದು ಇನ್ನೊಂದು ಕ್ಲಬ್ಬಿನಿಂದ ಆಟಗಾರನೊಬ್ಬನನ್ನು ನೂರಾರು ಕೋಟಿಗೆ ಕೊಂಡ ಸುದ್ದಿ ಬಂತು. ವೈದ್ಯರು ಅವನ ಎದೆಗೆ ತಂತಿ ಅಂಟಿಸಿ, ಮಂಡಿ ಮಡಿಸಿ ಪರೀಕ್ಷಿಸುತ್ತಿದ್ದರು. ಆಮೇಲೆ ಅವನನ್ನು ಸುಮ್ಮನೆ ಕಣ್ತುಂಬಿಕೊಳ್ಳಲು ನೆರೆದ ಜನ ಕ್ರೀಡಾಂಗಣದ ತುಂಬ.

"ಆ ರೊಕ್ಕ ಯಾರ್ ಕೈಗೆ ಹೋತು ಸಾಮಿ?" ಎಂದ ದುರುಗಣ್ಣ.

"ಹಳೇ ಕ್ಲಬ್ಬಿನೋರ್ಗೆ," ಎಂದ ವಿಶ್ವನಾಥ.

"ಬ್ಯಾಡ ಅನ್ಸಿದ್ರೆ ಆ ಹುಡ್ಗ ಬಿಟ್ಟು ಬರಂಗಿಲ್ವಾ?"

"ಬರ್ಕೊಟ್ಟಷ್ಟು ವರ್ಷ ಬರಂಗಿಲ್ಲ. ಸಂಬ್ಳ ಬೇರೆ ಐತೆ ಕಣ್ಲೇ, ಕೋಟಿಗಟ್ಲೆ! ಲೋಕದ ಮಂದಿಯೆಲ್ಲ ನೋಡ್ತಾರೆ, ಅದ್ಕೇ ಜಾಹೀರಾತಿನೋರು ದುಡ್ಡು ಸುರೀತಾರೆ. ಈಗ ನೀನು ನೋಡಿದ್ಯಲ್ಲ, ಅದ್ಕೂ ಅವ್ನ ರೇಟು ಏರ್ತೈತೆ."

ತಮಾಷೆಗೆ ಆಡಿದ ಮಾತು. ದುರುಗಣ್ಣ ಮಾತ್ರ ಬೆಂಚಿನ ಮೇಲೆ ಅತ್ತ ತಿರುಗಿ ಕುಳಿತ. ಮಾರಾಟಕ್ಕೆ ನಿಂತವನನ್ನು ನೋಡಿ ನೋಡಿ ಬೆಲೆ ಏರಿಸುವ ಪಾಪ ಅವನಿಗೆ ಬೇಡವಾಗಿತ್ತು. ಕೋಟಿ ಸಂಬಳದ ಮಾತು ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ.

ಮುಂದೊಂದು ದಿನ ಜೊತೆಯಲ್ಲಿ ನಡೆಯುತ್ತಿದ್ದಾಗ ನನ್ನೆದುರು ಬಾಯಿಬಿಟ್ಟ. ಚಿಕ್ಕವನಿದ್ದಾಗ ಅವ್ವ ಸೂರಮ್ಮ ಅವನನ್ನು ದೊಡ್ಡಮನೆಗೆ ಕರೆದೊಯ್ದಿದ್ದಳಂತೆ. ಧಣಿ ಅವನ ತೋಳು ಹಿಚುಕಿ, ಹಲ್ಲು ನೋಡಿ, ಅಂಗಳದಲ್ಲೊಮ್ಮೆ ಓಡಿಸಿ, "ಇರ್ಲಿ ಬಿಡು" ಎಂದರಂತೆ. ತನಗೆ ಬದಲಾಗಿ ಅವ್ವನಿಗೆ ಎಷ್ಟು ಸಿಕ್ಕಿತೆಂಬುದನ್ನು ಅವನು ಈವರೆಗೂ ಕೇಳಿರಲಿಲ್ಲ.

"ಕಮ್ಮಿ ಅಂದ್ಬಿಟ್ರೆ?" ಎಂದ.

ಆ ಚಳಿಗಾಲ ಮುದುಕಿ ಹಾಸಿಗೆ ಹಿಡಿದಳು. ಇನ್ನು ತಡೆದರೆ ಉತ್ತರ ಅವಳೊಂದಿಗೇ ಮಣ್ಣಾಗುತ್ತದೆಂದು ಅವನಿಗೆ ದಿಗಿಲು. ನಾನು ನೋಡಲು ಹೋಗಿದ್ದ ದಿನವೇ ಕೇಳಿಬಿಟ್ಟ.

"ಏನೂ ಇಸ್ಕಂಡಿಲ್ಲಪ್ಪ," ಎಂದಳು ಸೂರಮ್ಮ. "ಎಲ್ಡೊತ್ತು ಕೂಳಿಕ್ಕಿದ್ರೆ ಸಾಕು ಅಂದೆ. ಬಿಟ್ಟು ಬಂದೆ."

ಹೆತ್ತವಳು ಮಗನನ್ನು ಮಾರಿಕೊಂಡಿರಲಿಲ್ಲ ಎಂದು ನನಗೆ ಸಮಾಧಾನವಾಯಿತು. ದುರುಗಣ್ಣನಿಗೆ ಆ ಮಾತು ಬೇರೆಯೇ ಆಗಿ ನಾಟಿತು. ಹೊರಗೆ ಬಂದು ಕಟ್ಟೆಯ ಪಕ್ಕದ ನೆಲದಲ್ಲಿ ಕುಕ್ಕರಿಸಿದ.

"ಕಮ್ಮಿನೂ ಅಲ್ರಿ ಸಾಮಿ, ಏನೂ ಇಲ್ಲ," ಎಂದವನೇ, ಒಳಗಿದ್ದವಳಿಗೆ ಕೇಳಿಸದಂತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಅತ್ತ.

ಬೆಲೆ ಕಟ್ಟಿಸಿಕೊಂಡವರನ್ನು ನೋಡಲು ಲೋಕವೇ ನೆರೆಯುತ್ತದೆ. ಪುಕ್ಕಟೆಯಾಗಿ ಕೈದಾಟಿಹೋದ ಇಂಥ ಜೀವಗಳು ನಮ್ಮ ಸೀಮೆಯ ಊರೂರಲ್ಲೂ ಸದ್ದಿಲ್ಲದೆ ಮುಪ್ಪಾಗುತ್ತವೆ. ಕೋಟಿಗಳ ಒಡೆಯನನ್ನು ಕಂಡೂ "ಪಾಪ, ಯಾರ ಮಗನೋ" ಎಂದು ಮರುಗಬಲ್ಲವರು ಅವರೇ. ಅವರನ್ನು ಕಂಡು ಹಾಗೆಂದವರನ್ನು ಮಾತ್ರ ನಾನು ಇನ್ನೂ ಕಂಡಿಲ್ಲ.