ಉಡಿಗೆ ಬಿದ್ದ ಕಾಂಟೆಸ್ಸಾ

ಬೇರೆ ಮನೆಗಳಲ್ಲಿ ಗಂಡಸರು ಕಣ್ಣು ಬಿಟ್ಟ ಕೂಡಲೇ ದೇವರ ಪಟ ನೋಡುತ್ತಾರಂತೆ. ನಮ್ಮನೆಯವರು ದರ ನೋಡುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟ ಮನುಷ್ಯ ಇನ್ನೇನು ನೋಡಬೇಕು ಎಂದು ನಾನೂ ಇಷ್ಟು ವರ್ಷ ಸುಮ್ಮನಿದ್ದೆ. ಆದರೆ ಈಗೊಂದು ವರ್ಷದಿಂದ ಅವರು ಚಹಾ ಆರಲು ಬಿಟ್ಟು ಮೊಬೈಲಿನಲ್ಲಿ ನೋಡುವುದು ಮೆಣಸಿನಕಾಯಿ ದರವನ್ನಲ್ಲ, ಕಾಂಟೆಸ್ಸಾ ಕಾರಿನ ದರವನ್ನು. ಪುಣೆಯಲ್ಲಿ ಎಷ್ಟಕ್ಕೆ ಹೋಯಿತು, ಕೊಚ್ಚಿಯಲ್ಲಿ ಎಷ್ಟು ಕೇಳುತ್ತಿದ್ದಾರೆ ಎಂದು ನೋಡಿ ‘ಏರಾಕತ್ತೈತಿ’ ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ.

ಕಾರು ನಮ್ಮ ಮಾವ ಸೋಮಪ್ಪನವರದು. ದಾವಣಗೆರೆಯ ಮಿಲ್ ಮಾಲೀಕರೊಬ್ಬರು ಬಳಸಿ ಬಿಟ್ಟದ್ದನ್ನು ಕೊಂಡು ತಂದಿದ್ದರು. ಹಾಲಿನ ಕೆನೆಯ ಬಣ್ಣ, ಉದ್ದನೆಯ ಮೂತಿ, ಅಗಲ ಬೆನ್ನು. ಮೂತಿ ಪೇಟೆ ಮುಟ್ಟಿದಾಗ ಬಾಲ ಇನ್ನೂ ಸೋಮಪ್ಪನ ಅಂಗಳದಲ್ಲೇ ಇರುತ್ತದೆ ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಪೆಟ್ರೋಲನ್ನು ಮಜ್ಜಿಗೆ ಕುಡಿದಂತೆ ಕುಡಿಯುತ್ತಿತ್ತು. ಇಂಥವಕ್ಕೆ ‘ಮಸಲ್ ಕಾರು’ ಅನ್ನುತ್ತಾರಂತೆ, ಅಂದರೆ ರಟ್ಟೆಯಲ್ಲಿ ಕಸುವಿರುವ ಕಾರು. ಇದನ್ನು ನನಗೆ ಹೇಳಿಕೊಟ್ಟವಳು ನನ್ನ ನಾದಿನಿ ಸುಧಾರಾಣಿಯ ಮಗಳು ಪ್ರಿಯಾಂಕಾ.

ಸುಧಾ ನಮ್ಮನೆಯವರ ಒಬ್ಬಳೇ ತಂಗಿ, ರಾಣೆಬೆನ್ನೂರಿಗೆ ಕೊಟ್ಟಿದ್ದು. ಅವಳ ಗಂಡ ಶಂಭುಲಿಂಗ ಅಲ್ಲಿ ಬೀಜದ ಅಂಗಡಿ ನಡೆಸುತ್ತಾನೆ. ಅವಳು ಕಾಲೇಜಿಗೆ ಹೋಗುವಾಗ ಮಾವ ಭಾನುವಾರಕ್ಕೊಮ್ಮೆ ಅವಳನ್ನು ಮೇಡ್ಲೇರಿ ಕಡೆಯ ರಸ್ತೆಗೆ ಕರೆದೊಯ್ದು ಆ ಕಾರಿನಲ್ಲೇ ಡ್ರೈವಿಂಗ್ ಕಲಿಸಿದರು. ಹುಡುಗಿಗೆ ಯಾಕೆ ಇದೆಲ್ಲ ಎಂದವರಿಗೆ ಮಾವ ಉತ್ತರ ಕೊಡುತ್ತಿರಲಿಲ್ಲ, ಹಾರ್ನ್ ಹೊಡೆದು ಹೋಗಿಬಿಡುತ್ತಿದ್ದರಂತೆ. ಮಗನಿಗೆ ಮಾತ್ರ ಹತ್ತನೆಯ ತರಗತಿ ಮುಗಿಯುತ್ತಲೇ ಅಂಗಡಿಯ ಗಾದಿ. ‘ಅಪ್ಪ ಆಕಿ ಕೈಯಾಗ ಸ್ಟೇರಿಂಗ್ ಕೊಟ್ಟ, ನನ್ನ ಕೈಯಾಗ ತಕ್ಕಡಿ ಕೊಟ್ಟ’ ಎಂದು ನಮ್ಮನೆಯವರು ಒಮ್ಮೆ ನಗುತ್ತಾ ಹೇಳಿದ್ದರು. ಅದು ನಗೆಯಲ್ಲ ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ಮಾವ ಹೋದ ಮೇಲೆ ಕಾರು ಗೋದಾಮಿನ ಹಿಂದೆ ನಿಂತಿತು. ಅದರ ಮೇಲೆ ಹರಿದ ಗೋಣಿಚೀಲ, ಒಳಗೆ ಬೆಕ್ಕಿನ ಬಾಣಂತನ. ಗುಜರಿಯವನು ಬಂದು ಸುತ್ತು ಹಾಕಿ, ತೂಕದ ಲೆಕ್ಕದಲ್ಲಿ ಕೇಳಿ, ಅದೂ ಯಾಕೋ ಬೇಡವೆಂದು ಹೋಗಿದ್ದ. ಆ ವರ್ಷವೇ ಸುಧಾ ಆಸ್ತಿಯ ಹಕ್ಕು ಬಿಟ್ಟು ಸಹಿ ಮಾಡಿದಳು. ಹೊಲ, ಅಂಗಡಿ, ಮನೆ, ಅಪ್ಪನ ಸಾಮಾನು ಸರಂಜಾಮು ಎಲ್ಲವೂ ಅಣ್ಣನಿಗೆ. ಈಗಿನ ಕಾಲದಲ್ಲಿ ಯಾರು ಹಾಗೆ ಬಿಡುತ್ತಾರೆ? ಅವಳು ಬಿಟ್ಟಳು. ನಾಗರ ಪಂಚಮಿಗೆ ಬಂದವಳು ಹೊರಡುವಾಗ, ‘ಅಪ್ಪನ ಗಾಡಿ ನನಗ ಕೊಡು ಅಣ್ಣ’ ಎಂದು ಅದೊಂದನ್ನು ಕೇಳಿದಳು. ನಮ್ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ತವರಿಗೆ ಬಂದ ಮಗಳನ್ನು ಬರಿ ಸೆರಗಿನಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಖಣ ಇಟ್ಟುಕೊಂಡು ಉಡಿ ತುಂಬಲು ಮಣೆ ಹಾಕಿದರೆ ಸುಧಾ ಅಲ್ಲಿಲ್ಲ. ಗೋದಾಮಿನ ಹಿಂದೆ ಆ ಸತ್ತ ಕಾರಿನ ಡ್ರೈವರ್ ಸೀಟಿನಲ್ಲಿ ಸೆರಗು ಒಡ್ಡಿಕೊಂಡು ಕುಳಿತಿದ್ದಳು.

‘ಇಲ್ಲೇ ತುಂಬ್ರಿ ವೈನಿ. ಇದೂ ಈ ಮನಿ ಮಗಳ ಅಲ್ಲೇನು’ ಎಂದಳು.

ನಾನೂ ಚೇಷ್ಟೆಗೆ ಕಡಿಮೆಯವಳಲ್ಲ. ಕಾರಿನ ಮೂತಿಗೆ ಕುಂಕುಮ ಹಚ್ಚಿ, ಬಾಗಿಲಿನಿಂದ ಬಗ್ಗಿ ಐದು ಸಲ ಬೊಗಸೆ ತುಂಬ ಅಕ್ಕಿ ಹಾಕಿದೆ. ಅರ್ಧ ಸೆರಗಿಗೆ, ಅರ್ಧ ಸೀಟಿಗೆ ಬಿತ್ತು. ನಮ್ಮನೆಯವರು ಜೇಬಿನಿಂದ ಕೀಲಿ ತೆಗೆದು ಆ ಅಕ್ಕಿಯ ಮೇಲೆ ತಾವೇ ಇಟ್ಟು, ‘ತಗೋ, ಗುಜರಿ ಹೊರಗ ಹಾಕಿದ ಪುಣ್ಯಾ ನಿನಗ ಬರಲಿ’ ಎಂದರು. ಎಲ್ಲರೂ ನಕ್ಕೆವು. ಉಡಿಯ ಅಕ್ಕಿಯನ್ನು ಮಗಳು ತನ್ನ ಮನೆಯಲ್ಲಿ ಬೇಯಿಸಿ ಉಣ್ಣಬೇಕು. ಅದು ತವರಿಗೆ ತಿರುಗಿ ಬರಬಾರದು, ತವರಿನವರು ಅದರ ಒಂದಗುಳು ಬಾಯಿಗೆ ಹಾಕಬಾರದು. ನಮ್ಮತ್ತೆ ಕಲಿಸಿದ್ದು ಅದು.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದೊಯ್ದರು. ರಾಣೆಬೆನ್ನೂರಿನ ಒಬ್ಬ ಮೆಕ್ಯಾನಿಕ್ ಬಹಳ ದಿನ ಅದರ ಜೊತೆ ಗುದ್ದಾಡಿದ. ಬಣ್ಣವಾಯಿತು, ಎಂಜಿನ್ ಬಿಚ್ಚಿ ಕಟ್ಟಿದ್ದಾಯಿತು. ಅಪ್ಪ ಕುಳಿತ ಸೀಟು ಮಾತ್ರ ಬದಲಿಸಬೇಡ ಎಂದಳಂತೆ ಸುಧಾ. ಮುಂದಿನ ಪಂಚಮಿಗೆ ಓಣಿಯ ತುದಿಯಲ್ಲಿ ಹಾರ್ನ್ ಕೇಳಿ ನಾನು ಹಿಟ್ಟಿನ ಕೈಯಲ್ಲೇ ಓಡಿಬಂದೆ. ಮಾವನೇ ಬಂದರು ಅನ್ನಿಸಿತು, ಕಣ್ಣಲ್ಲಿ ನೀರು ಬಂತು. ಮರುದಿನ ಸುಧಾ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಗಳಗನಾಥಕ್ಕೆ ಕರೆದೊಯ್ದಳು. ಗಂಡ ಮಕ್ಕಳು ಇಲ್ಲದೆ, ಯಾರಿಗೂ ಬುತ್ತಿ ಬಡಿಸದೆ, ನಾವಿಬ್ಬರೇ ಹೊಳೆ ಕೂಡುವಲ್ಲಿ ಕುಳಿತು ರೊಟ್ಟಿ ತಿಂದೆವು. ನನ್ನ ಜನ್ಮದಲ್ಲಿ ಅಷ್ಟು ಸುಖವಾದ ದಿನ ಇನ್ನೊಂದಿಲ್ಲ.

ಆ ದಿನ ಸುಧಾ ತೆಗೆದ ಕಾರಿನ ಫೋಟೊವನ್ನೇ ಪ್ರಿಯಾಂಕಾ ಇಂಟರ್‌ನೆಟ್ಟಿಗೆ ಹಾಕಿದ್ದು. ಪುಣೆಯವನೊಬ್ಬ ಹತ್ತು ಲಕ್ಷಕ್ಕೆ ಕೇಳಿದ. ಸುಧಾ ನಕ್ಕು ಬಿಟ್ಟಳು. ನಮ್ಮನೆಯವರು ನಗಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕುಳಿತು, ‘ಕೊಟ್ಟಾಂವ ಕೋಡಂಗಿ, ಇಸ್ಗೊಂಡಾಂವ ಈರಭದ್ರ’ ಎಂದು ತಮ್ಮಷ್ಟಕ್ಕೆ ತಾವೇ ಅಂದುಕೊಂಡರು.

ಕಾರಿನ ದಾಖಲೆ ಇನ್ನೂ ಮಾವನ ಹೆಸರಿನಲ್ಲೇ ಇತ್ತು. ಅದನ್ನು ತನ್ನ ಹೆಸರಿಗೆ ಮಾಡಿಸಲು ಸುಧಾ ಅಣ್ಣನ ಸಹಿ ಕೇಳಿದಳು. ಇವರು ಇವತ್ತು ನಾಳೆ ಎಂದರು. ಕಡೆಗೆ ಅಡ್ಡಗೋಡೆಯ ಮೇಲಿಟ್ಟ ದೀಪವನ್ನು ಕೆಳಗಿಳಿಸಿದರು. ಇನ್ನೆರಡು ವರ್ಷ ತಡೆದರೆ ದರ ಎರಡು ಪಟ್ಟಾಗುತ್ತದೆ, ಆಗ ಮಾರಿ ಇಬ್ಬರೂ ಅರ್ಧರ್ಧ ತೆಗೆದುಕೊಳ್ಳೋಣ ಎಂದರು. ದರ ಇಲ್ಲದಾಗ ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜಿಗೆ ಹಾಕಿ ಕಾಯುವ ಊರು ನಮ್ಮದು. ಇವರಿಗೆ ಅದು ಸಹಜ. ಸುಧಾ ತಾನು ಮಾರುವುದಿಲ್ಲ, ಓಡಿಸುತ್ತೇನೆ ಎಂದಳು. ಮಾರುವುದಿಲ್ಲ ಎಂದರೆ ನಮ್ಮನೆಯವರಿಗೆ ಅರ್ಥವೇ ಆಗಲಿಲ್ಲ, ಇನ್ನೂ ಜಾಸ್ತಿ ದರ ಕೇಳುತ್ತಿದ್ದಾಳೆ ಎಂದುಕೊಂಡರು. ಮಾತಿಗೆ ಮಾತು ಬೆಳೆದು, ಸಹಿ ಮಾಡಿದ ಪತ್ರದ ಪ್ರಕಾರ ಅಪ್ಪನ ಸಾಮಾನೆಲ್ಲ ತನ್ನದು, ಕಾರೂ ತನ್ನದೇ ಎಂದುಬಿಟ್ಟರು.

ಕಾಗದ ನೋಡಿದರೆ ಅದು ಖರೆಯೇ. ಕೊಟ್ಟಿದ್ದಕ್ಕೆ ಸುಧಾಳ ಬಳಿ ಇದ್ದ ಸಾಕ್ಷಿ ಆ ಉಡಿ ಒಂದೇ.

ಮನೆತನದ ಹಿರಿಯರಾದ ಅಜ್ಜಪ್ಪ ಕಾಕಾ ಇಬ್ಬರನ್ನೂ ನಮ್ಮ ಮನೆಗೇ ಕರೆಸಿದರು. ಅವತ್ತು ಮುಂಜಾನೆ ನಮ್ಮನೆಯವರು ಉಪ್ಪಿಟ್ಟು ತಿನ್ನುತ್ತಾ, ಕಾಕಾ ಕೇಳಿದರೆ ಅದು ಬರೀ ಗಾಡಿಪೂಜೆ ಎಂದು ಹೇಳು ಎಂದರು. ಹೊಸ ಗಾಡಿಗೆ ಕುಂಕುಮ ಹಚ್ಚುವುದಿಲ್ಲವೇ, ಅಕ್ಷತೆ ಹಾಕುವುದಿಲ್ಲವೇ, ಅದರಲ್ಲಿ ಸುಳ್ಳೇನಿದೆ? ನಾನು ಅವರ ಪ್ಲೇಟು ತೊಳೆಯಲು ಒಯ್ದೆ. ಗಂಡನ ಮಾತು ಕೇಳಿದರೆ ಆ ಹುಡುಗಿಗೆ ತವರಿಲ್ಲ, ಕೇಳದಿದ್ದರೆ ನನಗೆ ಈ ಮನೆಯಲ್ಲಿ ನೆಮ್ಮದಿಯಿಲ್ಲ. ಅತ್ತ ದರಿ, ಇತ್ತ ಪುಲಿ.

ಕಾಕಾ ಎಲ್ಲರನ್ನೂ ಕೇಳಿ ಕಡೆಗೆ ನನ್ನ ಕಡೆ ತಿರುಗಿದರು. ‘ಪ್ರೇಮವ್ವ, ಉಡಿ ತುಂಬಿದಾಕಿ ನೀನು. ಕೊಟ್ಟಿದ್ದೋ, ಪೂಜಿ ಮಾಡಿದ್ದೋ?’

ಸುಧಾ ನೆಲ ನೋಡುತ್ತಿದ್ದಳು. ನಮ್ಮನೆಯವರು ನನ್ನನ್ನೇ ನೋಡುತ್ತಿದ್ದರು.

‘ಉಡಿ ತುಂಬೀನ್ರಿ ಕಾಕಾ’ ಎಂದೆ. ‘ಕೀಲಿ ಇವರೇ ತಮ್ಮ ಕೈಲೆ ಉಡಿಯೊಳಗ ಇಟ್ಟಾರ.’

ನಮ್ಮನೆಯವರ ಮುಖ ಕಪ್ಪಿಟ್ಟಿತು. ಉಡಿಗೆ ಬಿದ್ದದ್ದು ತವರಿಗೆ ತಿರುಗಬಾರದು ಎಂದು ಕಾಕಾ ಹೇಳಿ ಮುಗಿಸುವ ಮೊದಲೇ ಇವರು ಎದ್ದು ನಿಂತರು. ‘ಆತು, ಸಹಿ ಮಾಡ್ತೇನಿ. ಗಾಡಿ ಒಯ್ಯಲಿ. ಆದರ ಈ ಹೊಸ್ತಿಲಕ್ಕೂ ಆಕಿಗೂ ಇವತ್ತಿಗೆ ತೀರ್ತು’ ಎಂದರು.

ಸುಧಾ ಸೊಂಟದಿಂದ ಕೀಲಿ ಬಿಚ್ಚಿ ಅಣ್ಣನ ಮುಂದೆ ನೆಲದ ಮೇಲಿಟ್ಟಳು. ತನಗೆ ತವರು ಬೇಕು ಎಂದಳು, ಇಷ್ಟೇ. ದನಿ ಏರಿಸಲಿಲ್ಲ. ನಮ್ಮನೆಯವರು ಒಂದು ಗಳಿಗೆ ನಿಂತು, ಬಗ್ಗಿ ಕೀಲಿ ಎತ್ತಿಕೊಂಡರು. ಎತ್ತಿಕೊಳ್ಳಲಾರರು ಎಂದು ನಾನು ಕಡೆಯ ತನಕ ನಂಬಿದ್ದೆ. ಹೊರಡುವಾಗ ನಾನು ಉಡಿಯ ತಾಟು ತಂದರೆ ಸುಧಾ ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟಳು. ಕಾರಿನಲ್ಲಿ ಬಂದವಳು ಬಸ್ಸಿನಲ್ಲಿ ಹೋದಳು.

ನ್ಯಾಯ ಸರಿಯಾಗಿ ಮುಗಿಯಿತು ಎಂದೇ ನಮ್ಮನೆಯವರ ಲೆಕ್ಕ. ತನಗೆ ಗಾಡಿ, ಅವಳಿಗೆ ತವರು. ಉಡಿಯನ್ನೇ ಬರಿದು ಮಾಡಿ ಹೋದವಳು ಯಾವ ಮುಖದಿಂದ ಮತ್ತೆ ಹೊಸ್ತಿಲು ತುಳಿದಾಳು ಎಂದು ಅವರಿಗೆ ಹೊಳೆಯಲೇ ಇಲ್ಲ. ಈ ಪಂಚಮಿಗೆ ನಾನು ಶೇಂಗಾ ಉಂಡಿ, ಎಳ್ಳುಂಡಿ ಎಲ್ಲ ಕಟ್ಟಿದೆ. ಜೋಕಾಲಿಯನ್ನೂ ಹಾಕಿಸಿದೆ. ಸುಧಾ ಬರಲಿಲ್ಲ. ಫೋನಿಗೆ ಪ್ರಿಯಾಂಕಾ ಸಿಕ್ಕು, ಅವ್ವನಿಗೆ ಅಂಗಡಿಯಲ್ಲಿ ಕೆಲಸ ಎಂದಳು. ‘ಯಾಕ ಬರಲಿಲ್ಲ ಆಕಿ?’ ಎಂದು ಇವರು ನನ್ನನ್ನೇ ಕೇಳಿದರು. ನನಗೆ ಮೈಯೆಲ್ಲ ಉರಿಯಿತು.

ಕಾರು ಗೋದಾಮಿನಲ್ಲಿ ಹೊಸ ಹೊದಿಕೆ ಹೊದ್ದು ನಿಂತಿದೆ. ಕಿಲೋಮೀಟರು ಏರಿದರೆ ದರ ಇಳಿಯುತ್ತದೆ ಎಂದು ಇವರು ಓಡಿಸುವುದಿಲ್ಲ, ಬ್ಯಾಟರಿಯನ್ನೂ ಬಿಚ್ಚಿಟ್ಟಿದ್ದಾರೆ. ಸಂಜೆ ಅಂಗಡಿ ಮುಚ್ಚಿದ ಮೇಲೆ ಹೊದಿಕೆ ಸರಿಸಿ ಡ್ರೈವರ್ ಸೀಟಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ, ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು. ಒಂದು ಸಲ ಹಾಗೆ ನೋಡಿ ಪಾಪ ಅನ್ನಿಸಿತು. ಅವರ ಮೇಲೆ ಸಿಟ್ಟಿದ್ದಾಗ ಪಾಪ ಅನ್ನಿಸುವುದು ಇನ್ನೊಂದು ಸಂಕಟ.

ಮೊನ್ನೆ ಕೊಳ್ಳುವವರಿಗೆ ಫೋಟೊ ಕಳಿಸಬೇಕೆಂದು ಹಾವೇರಿಯಿಂದ ಹುಲಿಗೇಶ ಎಂಬ ಕಾರು ತೊಳೆಯುವವನನ್ನು ಕರೆಸಿದ್ದರು. ಅವನು ಮಾವನ ಸೀಟನ್ನು ಬಿಚ್ಚಿ ಹೊರಗಿಟ್ಟು, ಅಡಿಯಲ್ಲಿ ಸಿಕ್ಕಿದ್ದನ್ನು ಬೊಗಸೆಯಲ್ಲಿ ತಂದು, ‘ಇದು ಕಸಕ್ಕ ಹಾಕೂದೋ ಏನ್ರಿ ಅಕ್ಕಾರ’ ಎಂದು ಕೇಳಿದ. ಧೂಳು ಹತ್ತಿದ ಒಂದು ಹಿಡಿ ಅಕ್ಕಿ, ಒಂದು ಅರಿಷಿಣ ಕೊಂಬು. ನಮ್ಮನೆಯವರು ನೋಡಿದರು, ಮೊಬೈಲಿನ ಕಡೆ ತಿರುಗಿದರು. ಬೇಯಿಸಿಕೊಳ್ಳುವಂತಿಲ್ಲ, ತುಳಿಯುವ ಕಡೆ ಚೆಲ್ಲುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಚಪ್ಪಲಿ ಮೆಟ್ಟಿದೆ.

ಎಲ್ಲಿಗೆ ಎಂದು ಇವರು ಕೇಳಿದರು. ಅಕ್ಕಿ ಮುಟ್ಟಿಸಿ ಬರುತ್ತೇನೆ ಎಂದೆ. ‘ಹದಿನಾಲ್ಕು ಲಕ್ಷಕ್ಕ ಬಂದೈತಿ ಅಂತ ಹೇಳು. ಮಾರಿದ ಮ್ಯಾಲ ಆಕಿಗೂ ಕೊಡ್ತೇನಿ’ ಎಂದರು. ಅದನ್ನು ನಾನು ಹೇಳುವುದಿಲ್ಲ ಎಂದು ಹೇಳಿ ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ಸುಧಾ ಬಾಗಿಲು ತೆರೆದು, ಹಿಂದೆ ಇನ್ನು ಯಾರಾದರೂ ಇದ್ದಾರೇನೋ ಎಂದು ಬೀದಿ ನೋಡಿದಳು. ಯಾರೂ ಇರಲಿಲ್ಲ. ನಾನು ಗಂಟು ಬಿಚ್ಚಿ ತೋರಿಸಿದೆ. ಬಹಳ ಹೊತ್ತು ನೋಡಿದಳು. ಅಣ್ಣ ಗಾಡಿಯನ್ನು ಆಗಾಗ ಚಾಲೂ ಮಾಡುತ್ತಾನೆಯೇ, ನಿಂತಲ್ಲೇ ನಿಂತರೆ ಎಂಜಿನ್ ಹಿಡಿದುಬಿಡುತ್ತದೆ ಎಂದಳು. ಬ್ಯಾಟರಿ ಬಿಚ್ಚಿದ್ದನ್ನು ನಾನು ಮುಚ್ಚಿಟ್ಟೆ. ಮುಂದಿನ ಪಂಚಮಿಗೆ ಬಾ ಎನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನೂ ಬಿಟ್ಟು, ಅಕ್ಕಿಯನ್ನು ಅವಳ ಬೊಗಸೆಗೆ ಸುರಿದೆ.

ಅವಳು ಅಕ್ಕಿ ತೊಳೆದು, ತೊಳೆದು, ಮತ್ತೆ ತೊಳೆದು ಒಲೆಗಿಟ್ಟಳು. ಬೆಲ್ಲ ಹಾಕಿ ಹುಗ್ಗಿ ಮಾಡಿದಳು. ಒಂದು ಹಿಡಿ ಅಕ್ಕಿಯಲ್ಲಿ ಎಷ್ಟಾಗುತ್ತದೆ? ಎರಡು ಬಟ್ಟಲಿಗೆ ಹಾಕಿ ಒಂದನ್ನು ನನ್ನ ಮುಂದೆ ಸರಿಸಿದಳು. ನಾನು ಗಾಬರಿಯಾಗಿ ಕೈ ಹಿಂದಕ್ಕೆಳೆದೆ. ಉಡಿಯ ಅಕ್ಕಿ, ತವರಿನವರು ಉಣ್ಣಬಾರದು ಎಂದೆ.

‘ಉಣ್ರಿ ವೈನಿ’ ಎಂದಳು ಸುಧಾ. ನನ್ನ ಬೆನ್ನ ಮೇಲೆ ಕೈಯಿಟ್ಟಳು. ‘ಇನ್ನ ನೀವು ನನ್ನ ತವರಿನವರಲ್ಲ.’

ನಾನು ಉಂಡೆ.